ಇ-ಮೇಲ್‌ನಲ್ಲಿ ಗೋಪ್ಯ ಪ್ರತಿ: ವಿವಿಧ ತಂತ್ರಾಂಶಗಳಲ್ಲಿ ಬಿಸಿಸಿ ಕಳುಹಿಸುವ ವಿಧಾನ

ಪೀಠಿಕೆ

ತುಕ್ಕಾನಟ್ಟಿಯು ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಒಂದು ಗ್ರಾಮ. ಮೂಡಲಗಿಯು ಪ್ರತ್ಯೇಕ ತಾಲ್ಲೂಕಾಗುವುದಕ್ಕೆ ಮೊದಲು ಈ ಗ್ರಾಮವು ಗೋಕಾಕ ತಾಲ್ಲೂಕಿಗೆ ಸೇರಿತ್ತು. ಕೃಷಿ ವಿಜ್ಞಾನ ಕೇಂದ್ರವೊಂದು ಇಲ್ಲಿದೆ. ಸುತ್ತಲಿನ ಹಳ್ಳಿಗಳಲ್ಲಿ ಕಬ್ಬು, ಅರಿಷಿಣ, ಗೋವಿನಜೋಳ ಮುಂತಾದ ಬೆಳೆಗಳನ್ನು ಬೆಳೆಯಲಾಗುತ್ತದೆ. ಇಂತಹ ಗ್ರಾಮಗಳಲ್ಲಿ ತರಬೇತಿಯ ಆಹ್ವಾನ, ಸಹಕಾರಿ ಸಂಘದ ಸಭಾ ಸೂಚನೆ, ವಿದ್ಯಾರ್ಥಿವೇತನದ ತಿಳಿವಳಿಕೆ, ಸಾಲದ ಕಂತಿನ ಜ್ಞಾಪನೆ ಮುಂತಾದವುಗಳನ್ನು ಇ-ಮೇಲ್ ಮೂಲಕ ಒಂದೇ ಬಾರಿಗೆ ಹಲವರಿಗೆ ಕಳುಹಿಸಬೇಕಾದ ಸಂದರ್ಭಗಳು ಬರುತ್ತವೆ.

ಹೀಗೆ ಕಳುಹಿಸುವಾಗ ಎಲ್ಲರ ವಿಳಾಸಗಳನ್ನು ‘ಟು’ ಅಥವಾ ‘ಸಿಸಿ’ ಎಂಬ ಸಾಲಿನಲ್ಲಿ ನಮೂದಿಸಿದರೆ, ಪತ್ರವನ್ನು ಪಡೆದ ಪ್ರತಿಯೊಬ್ಬರಿಗೂ ಉಳಿದೆಲ್ಲರ ವಿಳಾಸಗಳು ಕಾಣುತ್ತವೆ. ‘ಬಿಸಿಸಿ’ ಸಾಲಿನಲ್ಲಿ ನಮೂದಿಸಿದರೆ ಕಾಣುವುದಿಲ್ಲ. ಈ ಒಂದು ಸಾಲಿನ ಬಳಕೆಯನ್ನು ಸಾರ್ವಜನಿಕರು, ಸಂಘ-ಸಂಸ್ಥೆಗಳ ಕಾರ್ಯದರ್ಶಿಗಳು, ಶಿಕ್ಷಕರು ಹಾಗೂ ಕಚೇರಿ ಸಿಬ್ಬಂದಿಯ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಗೋಪ್ಯ ಪ್ರತಿ ಎಂದರೇನು?

ಪ್ರತಿಯೊಂದು ಇ-ಮೇಲ್‌ನಲ್ಲಿ ವಿಳಾಸಗಳಿಗಾಗಿ ಮೂರು ಸಾಲುಗಳಿರುತ್ತವೆ.

1. ಟು: ಪತ್ರವನ್ನು ಯಾರನ್ನು ಉದ್ದೇಶಿಸಿ ಬರೆಯಲಾಗಿದೆಯೋ ಅವರ ವಿಳಾಸ. ಇದು ಎಲ್ಲರಿಗೂ ಕಾಣುತ್ತದೆ.
2. ಸಿಸಿ, ಅಂದರೆ ಕಾರ್ಬನ್ ಕಾಪಿ: ಮಾಹಿತಿಗಾಗಿ ಪ್ರತಿಯನ್ನು ಪಡೆಯುವವರ ವಿಳಾಸ. ಇದೂ ಎಲ್ಲರಿಗೂ ಕಾಣುತ್ತದೆ.
3. ಬಿಸಿಸಿ, ಅಂದರೆ ಬ್ಲೈಂಡ್ ಕಾರ್ಬನ್ ಕಾಪಿ: ಇತರರಿಗೆ ತಿಳಿಯದಂತೆ ಪ್ರತಿಯನ್ನು ಪಡೆಯುವವರ ವಿಳಾಸ. ಇದು ಕಳುಹಿಸಿದವರಿಗೆ ಮಾತ್ರ ಪೂರ್ಣವಾಗಿ ಕಾಣುತ್ತದೆ.

ಈ ಹೆಸರುಗಳು ಬೆರಳಚ್ಚು ಯಂತ್ರದ ಕಾಲದಿಂದ ಬಂದಿವೆ. ಇಂಗ್ಲೆಂಡಿನ ರಾಲ್ಫ್ ವೆಜ್‌ವುಡ್ ಎಂಬುವರು 1806ರಲ್ಲಿ ಕಾರ್ಬನ್ ಕಾಗದಕ್ಕೆ ಸಂಬಂಧಿಸಿದ ಹಕ್ಕುಪತ್ರವನ್ನು ಪಡೆದರು. ಮುಂದೆ ಬೆರಳಚ್ಚು ಯಂತ್ರಗಳು ಬಳಕೆಗೆ ಬಂದಾಗ ಎರಡು ಹಾಳೆಗಳ ನಡುವೆ ಕಾರ್ಬನ್ ಕಾಗದವನ್ನಿಟ್ಟು ಮೂಲಪತ್ರ ಹಾಗೂ ನಕಲನ್ನು ಒಟ್ಟಿಗೆ ಸಿದ್ಧಪಡಿಸುವುದು ಕಚೇರಿಗಳಲ್ಲಿ ರೂಢಿಯಾಯಿತು. ಸರ್ಕಾರಿ ಪತ್ರದ ಕೊನೆಯಲ್ಲಿ ‘ಪ್ರತಿಯನ್ನು ಮಾಹಿತಿಗಾಗಿ’ ಎಂದು ಬರೆದು ಕೊಡುವ ಪಟ್ಟಿಯು ಇಂದಿನ ಸಿಸಿಗೆ ಸಮಾನವಾದುದು. ಪ್ರತಿಯೊಂದನ್ನು ಬೇರೆಯವರಿಗೆ ತಿಳಿಯದಂತೆ ಕಳುಹಿಸಬೇಕಾದಾಗ, ಮೂಲಪತ್ರವನ್ನು ಯಂತ್ರದಿಂದ ಹೊರತೆಗೆದು, ನಕಲಿನ ಮೇಲೆ ಮಾತ್ರ ಆ ಹೆಸರನ್ನು ಬೆರಳಚ್ಚು ಮಾಡಲಾಗುತ್ತಿತ್ತು. ಮೂಲಪತ್ರವನ್ನು ಪಡೆದವರಿಗೆ ಆ ಹೆಸರು ಕಾಣುತ್ತಿರಲಿಲ್ಲ. ಬಿಸಿಸಿ ಎಂಬುದು ಇದೇ ಪದ್ಧತಿಯ ಮುಂದುವರಿಕೆ.

ಬಿಸಿಸಿ ಕೆಲಸ ಮಾಡುವ ಬಗೆ

ಇ-ಮೇಲ್ ರವಾನೆಯನ್ನು ಅಂಚೆಯ ಲಕೋಟೆಗೆ ಹೋಲಿಸಬಹುದು. ಅಂಚೆಯವರು ಲಕೋಟೆಯ ಮೇಲಿನ ವಿಳಾಸವನ್ನು ನೋಡುತ್ತಾರೆ. ಒಳಗಿನ ಕಾಗದದಲ್ಲಿ ಯಾರ ಹೆಸರಿದೆ ಎಂಬುದು ಅವರಿಗೆ ಬೇಕಿಲ್ಲ. ಇ-ಮೇಲ್‌ನಲ್ಲಿಯೂ ಸರ್ವರ್‌ಗಳು ಓದುವ ರವಾನೆಯ ವಿಳಾಸ ಬೇರೆ, ಓದುಗರಿಗೆ ಕಾಣುವ ತಲೆಬರಹ ಬೇರೆ. ಬಿಸಿಸಿ ಸಾಲಿನಲ್ಲಿರುವ ವಿಳಾಸಗಳು ರವಾನೆಯ ವಿಳಾಸಗಳಲ್ಲಿ ಸೇರುತ್ತವೆ, ತಲೆಬರಹದಿಂದ ತೆಗೆದುಹಾಕಲ್ಪಡುತ್ತವೆ. ಆದ್ದರಿಂದ ಪತ್ರವು ತಲುಪುತ್ತದೆ, ಪಟ್ಟಿಯು ತಲುಪುವುದಿಲ್ಲ.

ಇ-ಮೇಲ್‌ನ ಸ್ವರೂಪವನ್ನು ನಿರ್ಧರಿಸುವ ಆರ್‌ಎಫ್‌ಸಿ 5322 ಎಂಬ ಅಂತರಾಷ್ಟ್ರೀಯ ದಾಖಲೆಯು 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಿಸಿಸಿಗೆ ಮೂರು ರೀತಿಗಳನ್ನು ಹೇಳಲಾಗಿದೆ. ಮೊದಲನೆಯದು, ಎಲ್ಲರ ಪ್ರತಿಗಳಿಂದಲೂ ಆ ಸಾಲನ್ನು ತೆಗೆಯುವುದು. ಎರಡನೆಯದು, ಟು ಮತ್ತು ಸಿಸಿಯಲ್ಲಿರುವವರ ಪ್ರತಿಯಿಂದ ಮಾತ್ರ ತೆಗೆದು, ಗೋಪ್ಯ ಪ್ರತಿ ಪಡೆಯುವವರ ಪ್ರತಿಯಲ್ಲಿ ಉಳಿಸುವುದು. ಮೂರನೆಯದು, ವಿಳಾಸವಿಲ್ಲದ ಬರಿಯ ಬಿಸಿಸಿ ಸಾಲನ್ನು ಉಳಿಸಿ, ಗೋಪ್ಯ ಪ್ರತಿ ಹೋಗಿದೆ ಎಂಬುದನ್ನಷ್ಟೇ ಸೂಚಿಸುವುದು. ಯಾವ ರೀತಿಯನ್ನು ಅನುಸರಿಸಬೇಕೆಂಬುದನ್ನು ತಂತ್ರಾಂಶಕ್ಕೆ ಬಿಡಲಾಗಿದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಸೇವೆಗಳಲ್ಲಿ ಗೋಪ್ಯ ಪ್ರತಿ ಪಡೆದ ಒಬ್ಬರಿಗೆ ಇನ್ನೊಬ್ಬರ ವಿಳಾಸ ಕಾಣುವುದಿಲ್ಲ.

ಗ್ರಾಮದಲ್ಲಿ ಇದರ ಅಗತ್ಯ

ವಿಳಾಸ ಮಾತ್ರ ಕಂಡರೆ ನಷ್ಟವೇನು ಎಂಬ ಪ್ರಶ್ನೆ ಸಹಜ. ಇದಕ್ಕೆ ಒಂದು ಸನ್ನಿವೇಶವನ್ನು ಗಮನಿಸಬಹುದು. ಸ್ವಸಹಾಯ ಸಂಘವೊಂದರ ಲೆಕ್ಕ ಬರೆಯುವವರು ಸಾಲದ ಕಂತು ಬಾಕಿ ಇರುವ 40 ಸದಸ್ಯರಿಗೆ ಒಂದೇ ಜ್ಞಾಪನಾ ಪತ್ರವನ್ನು ಕಳುಹಿಸುತ್ತಾರೆ ಎಂದಿಟ್ಟುಕೊಳ್ಳೋಣ. ಪತ್ರದ ಒಕ್ಕಣೆಯಲ್ಲಿ ಯಾರ ಹೆಸರೂ ಇಲ್ಲ, ಬಾಕಿಯ ಮೊತ್ತವೂ ಇಲ್ಲ. ಆದರೆ ಎಲ್ಲ ವಿಳಾಸಗಳನ್ನು ‘ಟು’ ಸಾಲಿನಲ್ಲಿ ಹಾಕಲಾಗಿದೆ. ಪತ್ರ ತೆರೆದ ಕೂಡಲೇ ಯಾರ ಯಾರ ಮನೆಯ ಕಂತು ಬಾಕಿಯಿದೆ ಎಂಬುದು 40 ಮನೆಗಳಿಗೂ ತಿಳಿಯುತ್ತದೆ. ಒಬ್ಬರನ್ನೊಬ್ಬರು ಬಲ್ಲ ಊರಿನಲ್ಲಿ ಈ ಸಂಗತಿಯು ಸಂಜೆಯೊಳಗೆ ಓಣಿಯಿಂದ ಓಣಿಗೆ ಹಬ್ಬುತ್ತದೆ. ಮಗಳ ಮದುವೆಯ ಮಾತುಕತೆ ನಡೆದಿರುವ ಮನೆಗೂ, ಅಂಗಡಿಯಲ್ಲಿ ಉದ್ರಿ ಪಡೆಯುವ ಮನೆಗೂ ಇದರಿಂದ ಆಗುವ ತೊಂದರೆ ಸಣ್ಣದಲ್ಲ. ಇಲ್ಲಿ ವಿಳಾಸಗಳ ಪಟ್ಟಿಯೇ ಗುಟ್ಟನ್ನು ಬಯಲು ಮಾಡುತ್ತದೆ.

ಚಿಕಿತ್ಸೆ ಪಡೆಯುತ್ತಿರುವವರು, ಪರೀಕ್ಷೆಯಲ್ಲಿ ಅನುತ್ತೀರ್ಣರಾದ ವಿದ್ಯಾರ್ಥಿಗಳು, ದೂರು ನೀಡಿದವರು, ಒಂದು ಯೋಜನೆಯಡಿ ಅರ್ಜಿ ತಿರಸ್ಕೃತವಾದವರು ಇವರಿಗೆ ಕಳುಹಿಸುವ ಪತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೊಂದು ಅಂಶವೆಂದರೆ, ಹಲವರ ಇ-ಮೇಲ್ ವಿಳಾಸದಲ್ಲಿಯೇ ಅವರ ಪೂರ್ಣ ಹೆಸರು, ಹುಟ್ಟಿದ ವರ್ಷ ಅಥವಾ ಮೊಬೈಲ್ ಸಂಖ್ಯೆ ಸೇರಿರುತ್ತದೆ. ಇಂತಹ ಪಟ್ಟಿಯು ವಂಚಕರ ಕೈಸೇರಿದರೆ, ಆ ಯೋಜನೆಯ ಅಥವಾ ಬ್ಯಾಂಕಿನ ಹೆಸರಿನಲ್ಲಿಯೇ ಸುಳ್ಳು ಪತ್ರ ಹಾಗೂ ಕರೆಗಳು ಬರುವ ಸಾಧ್ಯತೆಯಿರುತ್ತದೆ.

ವಿದೇಶದ ಎರಡು ಪ್ರಕರಣಗಳು

ಬ್ರಿಟನ್ನಿನ ರಕ್ಷಣಾ ಸಚಿವಾಲಯವು 2021ರ ಸೆಪ್ಟೆಂಬರ್ 20ರಂದು, ಅಫ್ಘಾನಿಸ್ತಾನದಿಂದ ಹೊರಬರಲು ಅರ್ಹರಾಗಿದ್ದ ಅಲ್ಲಿನ ಪ್ರಜೆಗಳಿಗೆ ಒಂದು ಇ-ಮೇಲ್ ಕಳುಹಿಸಿತು. 245 ವಿಳಾಸಗಳನ್ನು ಬಿಸಿಸಿಯ ಬದಲು ‘ಟು’ ಸಾಲಿನಲ್ಲಿ ಹಾಕಲಾಗಿತ್ತು. ಪಡೆದವರಲ್ಲಿ ಇಬ್ಬರು ಎಲ್ಲರಿಗೂ ಹೋಗುವಂತೆ ಉತ್ತರಿಸಿದರು. ಅವರಲ್ಲಿ ಒಬ್ಬರು ತಾವಿರುವ ಸ್ಥಳವನ್ನೂ ತಿಳಿಸಿಬಿಟ್ಟರು. ಆಗ ದೇಶವು ತಾಲಿಬಾನಿನ ಹಿಡಿತದಲ್ಲಿತ್ತು. ಈ ಪಟ್ಟಿಯು ಅವರ ಕೈಸೇರಿದ್ದರೆ ಜೀವಕ್ಕೇ ಅಪಾಯವಿತ್ತು. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿಯು 2023ರ ಡಿಸೆಂಬರ್‌ನಲ್ಲಿ ಸಚಿವಾಲಯಕ್ಕೆ 3,50,000 ಪೌಂಡ್ ದಂಡ ವಿಧಿಸಿತು.

ಎಚ್‌ಐವಿ ಸ್ಕಾಟ್‌ಲೆಂಡ್ ಎಂಬ ಸೇವಾ ಸಂಸ್ಥೆಯು 2020ರ ಫೆಬ್ರವರಿಯಲ್ಲಿ 105 ಜನರಿಗೆ ಕಳುಹಿಸಿದ ಪತ್ರದಲ್ಲಿಯೂ ಇದೇ ತಪ್ಪಾಯಿತು. 65 ವಿಳಾಸಗಳಿಂದ ವ್ಯಕ್ತಿಗಳ ಹೆಸರು ತಿಳಿಯುವಂತಿತ್ತು. ಆ ಸಂಸ್ಥೆಗೆ 2021ರಲ್ಲಿ 10,000 ಪೌಂಡ್ ದಂಡ ವಿಧಿಸಲಾಯಿತು. ಎರಡೂ ಪ್ರಕರಣಗಳಲ್ಲಿ ಯಾರೂ ಗಣಕಯಂತ್ರವನ್ನು ಭೇದಿಸಿ ಕಳವು ಮಾಡಿರಲಿಲ್ಲ. ವಿಳಾಸಗಳು ಸೇರಬೇಕಾದ ಸಾಲು ತಪ್ಪಿತ್ತು, ಅಷ್ಟೆ.

ತಂತ್ರಾಂಶವಾರು ವಿಧಾನ

ಹೆಚ್ಚಿನ ತಂತ್ರಾಂಶಗಳಲ್ಲಿ ಬಿಸಿಸಿ ಸಾಲು ಆರಂಭದಲ್ಲಿ ಕಾಣುವುದಿಲ್ಲ, ಅದನ್ನು ತೆರೆಯಬೇಕಾಗುತ್ತದೆ. ತಪ್ಪುಗಳಾಗಲು ಇದೂ ಒಂದು ಕಾರಣ. ತಂತ್ರಾಂಶದ ಆವೃತ್ತಿಗೆ ಅನುಗುಣವಾಗಿ ಗುಂಡಿಗಳ ಸ್ಥಾನದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರಬಹುದು.

ಅ) ಜಿಮೇಲ್, ಗಣಕಯಂತ್ರದಲ್ಲಿ
1. ‘ಕಂಪೋಸ್’ ಗುಂಡಿಯನ್ನು ಒತ್ತಿ ಹೊಸ ಪತ್ರವನ್ನು ತೆರೆಯುವುದು.
2. ‘ಟು’ ಸಾಲಿನ ಮೇಲೆ ಕ್ಲಿಕ್ ಮಾಡಿದಾಗ ಅದರ ಬಲತುದಿಯಲ್ಲಿ ‘ಸಿಸಿ’ ಮತ್ತು ‘ಬಿಸಿಸಿ’ ಕಾಣುತ್ತವೆ. ‘ಬಿಸಿಸಿ’ಯನ್ನು ಆಯ್ಕೆ ಮಾಡುವುದು.
3. ಕೀಲಿಮಣೆಯಿಂದಾದರೆ ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತುವುದು.
4. ವಿಳಾಸಗಳ ನಡುವೆ ಅಲ್ಪವಿರಾಮ ಹಾಕುವುದು.

ಆ) ಜಿಮೇಲ್, ಮೊಬೈಲ್‌ನಲ್ಲಿ
1. ‘ಕಂಪೋಸ್’ ಗುಂಡಿಯನ್ನು ಒತ್ತುವುದು.
2. ‘ಟು’ ಸಾಲಿನ ಪಕ್ಕದಲ್ಲಿರುವ ಕೆಳಮುಖ ಬಾಣದ ಗುರುತನ್ನು ಮುಟ್ಟುವುದು. ಸಿಸಿ ಮತ್ತು ಬಿಸಿಸಿ ಸಾಲುಗಳು ತೆರೆಯುತ್ತವೆ.

ಗ್ರಾಮಗಳಲ್ಲಿ ಮೊಬೈಲ್‌ನಿಂದಲೇ ಪತ್ರ ಕಳುಹಿಸುವವರು ಹೆಚ್ಚಾಗಿರುವುದರಿಂದ ಈ ಸಣ್ಣ ಬಾಣದ ಗುರುತನ್ನು ನೆನಪಿನಲ್ಲಿಡುವುದು ಅವಶ್ಯ.

ಇ) ಔಟ್‌ಲುಕ್, ಗಣಕಯಂತ್ರದಲ್ಲಿ ಅಳವಡಿಸಿರುವ ಹಳೆಯ ಮಾದರಿ
1. ಹೊಸ ಪತ್ರವನ್ನು ತೆರೆದು, ಮೇಲ್ಭಾಗದ ‘ಆಪ್ಷನ್ಸ್’ ವಿಭಾಗಕ್ಕೆ ಹೋಗುವುದು.
2. ‘ಶೋ ಫೀಲ್ಡ್ಸ್’ ಗುಂಪಿನಲ್ಲಿ ‘ಬಿಸಿಸಿ’ಯನ್ನು ಒತ್ತುವುದು. ಒಮ್ಮೆ ಒತ್ತಿದರೆ ಮುಂದಿನ ಹೊಸ ಪತ್ರಗಳಲ್ಲಿಯೂ ಆ ಸಾಲು ಕಾಣುತ್ತದೆ.
3. ಇದರಲ್ಲಿ ವಿಳಾಸಗಳ ನಡುವೆ ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕುವುದು ರೂಢಿ.

ಈ) ಹೊಸ ಔಟ್‌ಲುಕ್ ಹಾಗೂ ಜಾಲತಾಣದ ಔಟ್‌ಲುಕ್
1. ಹೊಸ ಪತ್ರದಲ್ಲಿ ‘ಟು’ ಸಾಲಿನ ಬಲಭಾಗದ ‘ಬಿಸಿಸಿ’ಯನ್ನು ಒತ್ತುವುದು.
2. ಈ ಸಾಲು ಯಾವಾಗಲೂ ಕಾಣುವಂತಿರಬೇಕಾದರೆ ‘ಸೆಟ್ಟಿಂಗ್ಸ್’ನಲ್ಲಿ ‘ಮೇಲ್’, ನಂತರ ‘ಕಂಪೋಸ್ ಆ್ಯಂಡ್ ರಿಪ್ಲೈ’ ವಿಭಾಗಕ್ಕೆ ಹೋಗಿ ಬಿಸಿಸಿಯನ್ನು ಸದಾ ತೋರಿಸುವ ಆಯ್ಕೆಗೆ ಗುರುತು ಹಾಕುವುದು.

ಉ) ಥಂಡರ್‌ಬರ್ಡ್
1. ಹೊಸ ಪತ್ರವನ್ನು ತೆರೆದು, ವಿಳಾಸದ ಸಾಲಿನ ಬಲತುದಿಯಲ್ಲಿರುವ ‘ಬಿಸಿಸಿ’ಯನ್ನು ಒತ್ತುವುದು.
2. ಟು ಮತ್ತು ಸಿಸಿ ಸಾಲುಗಳಲ್ಲಿ ಬಹಳ ವಿಳಾಸಗಳಿದ್ದರೆ ಈ ತಂತ್ರಾಂಶವು ತಾನಾಗಿಯೇ ಎಚ್ಚರಿಕೆ ನೀಡಿ, ಅವುಗಳನ್ನು ಬಿಸಿಸಿಗೆ ವರ್ಗಾಯಿಸುವ ಗುಂಡಿಯನ್ನು ತೋರಿಸುತ್ತದೆ. ಈ ಎಚ್ಚರಿಕೆಯನ್ನು ಕಡೆಗಣಿಸಬಾರದು.

ಊ) ಆ್ಯಪಲ್ ಮೇಲ್
1. ಗಣಕಯಂತ್ರದಲ್ಲಿ: ‘ವ್ಯೂ’ ಪಟ್ಟಿಯಲ್ಲಿ ‘ಬಿಸಿಸಿ ಅಡ್ರೆಸ್ ಫೀಲ್ಡ್’ ಆಯ್ಕೆ ಮಾಡುವುದು.
2. ಐಫೋನ್‌ನಲ್ಲಿ: ಹೊಸ ಪತ್ರದಲ್ಲಿ ‘ಸಿಸಿ/ಬಿಸಿಸಿ’ ಎಂಬ ಸಾಲನ್ನು ಮುಟ್ಟಿದರೆ ಎರಡೂ ಬೇರೆ ಬೇರೆಯಾಗಿ ತೆರೆಯುತ್ತವೆ.

ಋ) ಯಾಹೂ ಮೇಲ್ ಮತ್ತು ಜೋಹೋ ಮೇಲ್
ಹೊಸ ಪತ್ರದಲ್ಲಿ ‘ಟು’ ಸಾಲಿನ ಬಲಭಾಗದಲ್ಲಿ ಬಿಸಿಸಿ ದೊರೆಯುತ್ತದೆ.

ಎ) ಹಳೆಯ ತಂತ್ರಾಂಶಗಳು
ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ‘ವ್ಯೂ’ ಪಟ್ಟಿಯ ‘ಆಲ್ ಹೆಡರ್ಸ್’ ಮೂಲಕ ಬಿಸಿಸಿ ಸಾಲನ್ನು ತೆರೆಯಬೇಕಾಗಿತ್ತು. ಅದು ಸೇರಿದ್ದ ವಿಂಡೋಸ್ ಎಕ್ಸ್‌ಪಿಗೆ ಸುರಕ್ಷತಾ ಬೆಂಬಲವು 2014ರ ಏಪ್ರಿಲ್ 8ರಂದು ನಿಂತಿದೆ. ವಿಂಡೋಸ್‌ನ ‘ಮೇಲ್’ ಅನ್ವಯಕ್ಕೆ 2024ರ ಡಿಸೆಂಬರ್ 31ರಂದು ಬೆಂಬಲ ನಿಂತಿದೆ. ಇವುಗಳನ್ನು ಇಂದಿಗೂ ಬಳಸುತ್ತಿರುವವರು ಬೇರೆ ತಂತ್ರಾಂಶಕ್ಕೆ ಬದಲಾಯಿಸಿಕೊಳ್ಳುವುದು ಸೂಕ್ತ.

ಅನುಸರಿಸಬೇಕಾದ ಕ್ರಮಗಳು

1. ‘ಟು’ ಸಾಲಿನಲ್ಲಿ ಕಳುಹಿಸುವವರು ತಮ್ಮದೇ ವಿಳಾಸವನ್ನು ಅಥವಾ ಸಂಸ್ಥೆಯ ವಿಳಾಸವನ್ನು ಹಾಕಿ, ಉಳಿದೆಲ್ಲವನ್ನು ಬಿಸಿಸಿಯಲ್ಲಿ ಹಾಕುವುದು.
2. ಬಿಸಿಸಿ ಸಾಲನ್ನು ಮೊದಲು ತೆರೆದು, ಅನಂತರ ವಿಳಾಸಗಳನ್ನು ಅಂಟಿಸುವುದು. ಮೊದಲು ‘ಟು’ನಲ್ಲಿ ಅಂಟಿಸಿ ಆಮೇಲೆ ಬದಲಾಯಿಸುವ ರೂಢಿಯು ತಪ್ಪಿಗೆ ಎಡೆಮಾಡುತ್ತದೆ.
3. ಪತ್ರದ ಆರಂಭದಲ್ಲಿ ‘ಅರಿಷಿಣ ಬೆಳೆಗಾರರ ತರಬೇತಿಗೆ ಹೆಸರು ನೋಂದಾಯಿಸಿದವರಿಗೆ’ ಎಂಬಂತೆ ಉದ್ದೇಶಿತರನ್ನು ಸೂಚಿಸುವುದು. ಇದರಿಂದ ಪತ್ರವು ತಮಗೇಕೆ ಬಂದಿದೆ ಎಂಬುದು ತಿಳಿಯುತ್ತದೆ.
4. ಲಗತ್ತಿಸಿದ ಕಡತದಲ್ಲಿ ಎಲ್ಲರ ಹೆಸರು, ದೂರವಾಣಿ ಸಂಖ್ಯೆಗಳ ಪಟ್ಟಿ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು. ವಿಳಾಸವನ್ನು ಮರೆಮಾಡಿ ಪಟ್ಟಿಯನ್ನು ಲಗತ್ತಿಸಿದರೆ ಪ್ರಯೋಜನವಿಲ್ಲ.
5. ಕನ್ನಡದ ಒಕ್ಕಣೆಯನ್ನು ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸುವುದು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಬರೆದುದು ಪಡೆಯುವವರ ಮೊಬೈಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು.
6. ಪತ್ರವನ್ನು ಮೊದಲು ತಮ್ಮ ಇನ್ನೊಂದು ವಿಳಾಸಕ್ಕೆ ಕಳುಹಿಸಿ ಪರೀಕ್ಷಿಸುವುದು.

ಬಿಸಿಸಿಯ ಮಿತಿಗಳು

ಬಿಸಿಸಿಯು ವಿಳಾಸಗಳನ್ನು ಮಾತ್ರ ಮರೆಮಾಡುತ್ತದೆ. ಪತ್ರದ ಒಕ್ಕಣೆಗೆ ಯಾವುದೇ ರಕ್ಷಣೆ ನೀಡುವುದಿಲ್ಲ. ಪಡೆದವರು ಪತ್ರವನ್ನು ಯಾರಿಗೆ ಬೇಕಾದರೂ ಮುಂದೆ ಕಳುಹಿಸಬಹುದು.

ಒಮ್ಮೆಗೆ ಕಳುಹಿಸಬಹುದಾದ ವಿಳಾಸಗಳಿಗೂ ಮಿತಿಯಿದೆ. ಜಿಮೇಲ್‌ನ ಸಾಮಾನ್ಯ ಖಾತೆಯಿಂದ ಒಂದು ಪತ್ರವನ್ನು 500ಕ್ಕಿಂತ ಹೆಚ್ಚು ಜನರಿಗೆ ಕಳುಹಿಸಲು ಯತ್ನಿಸಿದರೆ ಖಾತೆಯಿಂದ ರವಾನೆಯು ತಾತ್ಕಾಲಿಕವಾಗಿ ಸ್ಥಗಿತಗೊಳ್ಳುತ್ತದೆ. ಪ್ರತಿ ವಾರ ಪತ್ರ ಕಳುಹಿಸುವ ಸಂಘ-ಸಂಸ್ಥೆಗಳು ಒಬ್ಬೊಬ್ಬರಿಗೂ ಪ್ರತ್ಯೇಕ ಪತ್ರ ಹೋಗುವ ‘ಮೇಲ್ ಮರ್ಜ್’ ವಿಧಾನವನ್ನು ಬಳಸುವುದು ಹೆಚ್ಚು ಸುರಕ್ಷಿತ. ಅದರಲ್ಲಿ ಸಾಲು ತಪ್ಪುವ ಪ್ರಶ್ನೆಯೇ ಬರುವುದಿಲ್ಲ.

ಬಿಸಿಸಿಯನ್ನು ಬಳಸಬಾರದ ಸಂದರ್ಭಗಳೂ ಇವೆ. ಇಬ್ಬರ ನಡುವಿನ ವ್ಯವಹಾರದ ಪತ್ರವನ್ನು ಮೂರನೆಯವರಿಗೆ ಗುಟ್ಟಾಗಿ ತೋರಿಸಲು ಬಳಸಿದರೆ ಪರಸ್ಪರ ನಂಬಿಕೆಗೆ ಧಕ್ಕೆಯಾಗುತ್ತದೆ. ಕಚೇರಿ ವ್ಯವಹಾರದಲ್ಲಿ ಪ್ರತಿಯನ್ನು ಪಡೆಯಬೇಕಾದ ಅಧಿಕಾರಿಗಳ ಹೆಸರನ್ನು ಬಹಿರಂಗವಾಗಿಯೇ ನಮೂದಿಸಬೇಕು. ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕಾರ ಇ-ಮೇಲ್ ಕೂಡ ‘ಮಾಹಿತಿ’ಯ ವ್ಯಾಖ್ಯೆಯಲ್ಲಿ ಸೇರಿದೆ ಎಂಬುದನ್ನು ಸಿಬ್ಬಂದಿಯು ಮರೆಯಬಾರದು.

ತಪ್ಪಾದಲ್ಲಿ ಏನು ಮಾಡಬೇಕು?

1. ಜಿಮೇಲ್‌ನಲ್ಲಿ ಪತ್ರ ಕಳುಹಿಸಿದ ಕೂಡಲೇ ಪರದೆಯ ಮೇಲೆ ‘ಅನ್‌ಡು’ ಎಂಬ ಗುಂಡಿ ಕಾಣುತ್ತದೆ. ಗಣಕಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಇದರ ಅವಧಿಯನ್ನು 30 ಸೆಕೆಂಡುಗಳವರೆಗೆ ಹೆಚ್ಚಿಸಿಕೊಳ್ಳಬಹುದು. ಎಲ್ಲರೂ ಇದನ್ನು ಮುಂಚಿತವಾಗಿಯೇ 30ಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.
2. ಔಟ್‌ಲುಕ್‌ನ ‘ರಿಕಾಲ್’ ಸೌಲಭ್ಯವು ಒಂದೇ ಸಂಸ್ಥೆಯೊಳಗಿನ ಖಾತೆಗಳ ನಡುವೆ ಮಾತ್ರ ಕೆಲಸ ಮಾಡುತ್ತದೆ. ಹೊರಗಿನ ವಿಳಾಸಕ್ಕೆ ಹೋದ ಪತ್ರವನ್ನು ಅದರಿಂದ ಹಿಂಪಡೆಯಲಾಗದು.
3. ಅವಧಿ ಮೀರಿದ್ದರೆ ತಡಮಾಡದೆ ಎಲ್ಲರಿಗೂ ಬಿಸಿಸಿ ಮೂಲಕ ಇನ್ನೊಂದು ಪತ್ರ ಬರೆದು, ನಡೆದ ತಪ್ಪನ್ನು ಒಪ್ಪಿಕೊಂಡು, ಮೊದಲಿನ ಪತ್ರವನ್ನು ಅಳಿಸಬೇಕೆಂದೂ ‘ರಿಪ್ಲೈ ಆಲ್’ ಬಳಸಬಾರದೆಂದೂ ಕೋರುವುದು. ಮೊದಲಿನ ಪತ್ರವನ್ನೇ ಮುಂದುವರಿಸಿ ಉತ್ತರಿಸಬಾರದು.
4. ತೊಂದರೆಗೆ ಒಳಗಾಗಬಹುದಾದವರನ್ನು ದೂರವಾಣಿ ಅಥವಾ ಖುದ್ದು ಭೇಟಿಯ ಮೂಲಕ ಎಚ್ಚರಿಸುವುದು.
5. ವಿಳಾಸಗಳ ದುರ್ಬಳಕೆಯಿಂದ ಹಣ ಕಳೆದುಕೊಂಡವರು ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡುವುದು.

ಕಾನೂನಿನ ಹಿನ್ನೆಲೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ನಿಗದಿಪಡಿಸಲಾಗಿದೆ. ವೈಯಕ್ತಿಕ ದತ್ತಾಂಶವು ಆಕಸ್ಮಿಕವಾಗಿ ಬಹಿರಂಗಗೊಂಡು ಅದರ ಗೋಪ್ಯತೆಗೆ ಭಂಗ ಬಂದರೆ, ಅದನ್ನೂ ಈ ಅಧಿನಿಯಮವು ದತ್ತಾಂಶ ಉಲ್ಲಂಘನೆಯೆಂದೇ ಪರಿಗಣಿಸುತ್ತದೆ. ಉಲ್ಲಂಘನೆಯಾದಾಗ ಸಂಬಂಧಿಸಿದ ಸಂಸ್ಥೆಯು ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತರಿಗೂ ತಿಳಿಸಬೇಕೆಂಬ ಉಪಬಂಧವಿದೆ. ಮನೆಮಂದಿ, ಬಂಧುಬಳಗದ ನಡುವಿನ ಖಾಸಗಿ ಪತ್ರಗಳಿಗೆ ಇದು ಅನ್ವಯಿಸುವುದಿಲ್ಲ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿಸಿಸಿಯಲ್ಲಿ ಪತ್ರ ಪಡೆದವರಿಗೆ ತಾವು ಬಿಸಿಸಿಯಲ್ಲಿದ್ದೇವೆಂದು ತಿಳಿಯುತ್ತದೆಯೇ?
ಉತ್ತರ: ತಿಳಿಯಬಹುದು. ‘ಟು’ ಮತ್ತು ‘ಸಿಸಿ’ ಸಾಲುಗಳಲ್ಲಿ ತಮ್ಮ ವಿಳಾಸವಿಲ್ಲದಿರುವುದರಿಂದ ಅದು ಗೊತ್ತಾಗುತ್ತದೆ. ಜಿಮೇಲ್‌ನಲ್ಲಿ ಪತ್ರದ ವಿವರದಲ್ಲಿಯೂ ಅದು ಕಾಣುತ್ತದೆ. ಆದರೆ ಉಳಿದವರು ಯಾರೆಂಬುದು ತಿಳಿಯುವುದಿಲ್ಲ.

ಪ್ರಶ್ನೆ: ‘ಟು’ ಸಾಲಿನಲ್ಲಿರುವವರು ‘ರಿಪ್ಲೈ ಆಲ್’ ಒತ್ತಿದರೆ ಬಿಸಿಸಿಯವರಿಗೆ ಉತ್ತರ ಹೋಗುತ್ತದೆಯೇ?
ಉತ್ತರ: ಹೋಗುವುದಿಲ್ಲ. ಆದರೆ ಬಿಸಿಸಿಯಲ್ಲಿ ಪತ್ರ ಪಡೆದವರೇ ‘ರಿಪ್ಲೈ ಆಲ್’ ಒತ್ತಿದರೆ ಉತ್ತರವು ಟು ಮತ್ತು ಸಿಸಿಯಲ್ಲಿರುವ ಎಲ್ಲರಿಗೂ ಹೋಗಿ, ಅವರ ಹೆಸರು ಬಹಿರಂಗವಾಗುತ್ತದೆ. ಆದ್ದರಿಂದ ಬಿಸಿಸಿಯವರು ‘ರಿಪ್ಲೈ’ ಮಾತ್ರ ಬಳಸಬೇಕು.

ಪ್ರಶ್ನೆ: ಯಾರಿಗೆಲ್ಲ ಬಿಸಿಸಿ ಕಳುಹಿಸಲಾಗಿತ್ತು ಎಂಬುದನ್ನು ನಂತರ ನೋಡಲು ಸಾಧ್ಯವೇ?
ಉತ್ತರ: ಕಳುಹಿಸಿದವರು ತಮ್ಮ ‘ಸೆಂಟ್’ ಕಡತದಲ್ಲಿ ಆ ಪತ್ರವನ್ನು ತೆರೆದು ನೋಡಬಹುದು.

ಪ್ರಶ್ನೆ: ‘ಟು’ ಸಾಲನ್ನು ಖಾಲಿ ಬಿಡಬಹುದೇ?
ಉತ್ತರ: ಜಿಮೇಲ್‌ನಂತಹ ಸೇವೆಗಳಲ್ಲಿ ಬಿಡಬಹುದು. ಆದರೆ ಅಂತಹ ಪತ್ರವು ಅನುಮಾನಕ್ಕೆ ಎಡೆಮಾಡುವುದರಿಂದ ಕಳುಹಿಸುವವರ ವಿಳಾಸವನ್ನು ಹಾಕುವುದು ಲೇಸು.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಇಂತಹ ಸೌಲಭ್ಯವಿದೆಯೇ?
ಉತ್ತರ: ಗುಂಪಿನಲ್ಲಿ ಸದಸ್ಯರಿಗೆ ಪರಸ್ಪರರ ಮೊಬೈಲ್ ಸಂಖ್ಯೆಗಳು ಕಾಣುವ ಸಾಧ್ಯತೆಯಿರುತ್ತದೆ. ‘ಬ್ರಾಡ್‌ಕಾಸ್ಟ್’ ಪಟ್ಟಿಯ ಮೂಲಕ ಕಳುಹಿಸಿದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಸಂದೇಶವಾಗಿ ತಲುಪುತ್ತದೆ. ಆದರೆ ಪಡೆಯುವವರು ಕಳುಹಿಸುವವರ ಸಂಖ್ಯೆಯನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡಿರಬೇಕು.

ಕಳುಹಿಸುವ ಮುನ್ನ

‘ಸೆಂಡ್’ ಗುಂಡಿಯನ್ನು ಒತ್ತುವ ಮುನ್ನ ಮೂರು ಸಂಗತಿಗಳನ್ನು ನೋಡಿಕೊಳ್ಳತಕ್ಕದ್ದು: ‘ಟು’ ಮತ್ತು ‘ಸಿಸಿ’ ಸಾಲುಗಳಲ್ಲಿ ಯಾರಿದ್ದಾರೆ, ಈ ವಿಳಾಸಗಳು ಒಟ್ಟಿಗೆ ಕಂಡರೆ ಯಾರ ವಿಷಯವಾದರೂ ಬಯಲಾಗುತ್ತದೆಯೇ, ಲಗತ್ತಿನಲ್ಲಿ ಏನಿದೆ. ತರಬೇತಿಗೆಂದೋ ಸಾಲಕ್ಕೆಂದೋ ಜನರು ತಮ್ಮ ವಿಳಾಸವನ್ನು ಕೊಟ್ಟಿರುವುದು ಆ ಕೆಲಸದ ಮಟ್ಟಿಗೆ ಮಾತ್ರ. ಅದನ್ನು ಇತರರಿಗೆ ತಿಳಿಯದಂತೆ ಕಾಪಾಡುವುದು ಪತ್ರ ಕಳುಹಿಸುವವರ ಹೊಣೆಯಾಗಿರುತ್ತದೆ.